ಕರಿಕಾಳು ಹಿಡಿದ ಅಕ್ಕ

ಮೊನ್ನೆ ಹಳೆಯ ಕಂಪ್ಯೂಟರೊಂದರ ಡಬ್ಬಿ ಬಿಚ್ಚಿದಾಗ ಒಳಗಿಂದ ತೌಡಿನ ಧೂಳು ಉದುರಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರು ಮನೆಯ ಅಕ್ಕ ನೆನಪಾದರು... ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಿಲ್ಲಿನ ಗದ್ದಲದ ನಡುವೆ ಸ್ಟೂಲಿನ ಮೇಲೆ ಕೂತು ಕೀಬೋರ್ಡು ಕುಟ್ಟುತ್ತಿದ್ದ ಅಕ್ಕ.

ನಾನಾಗ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಅಕ್ಕ ಯಲಬುರ್ಗಾ ಕಡೆಯ ಒಣಸೀಮೆಯ ಬೇವೂರಿನವರು, ಕಂಪ್ಯೂಟರ್ ಓದಿ, ಮದುವೆಯಾಗಿ ನಮ್ಮ ಓಣಿಗೆ ಬಂದಿದ್ದರು. ಕಾಲೇಜಿನ ಪಾಠದ ಕೆಲಸ ಬಿಟ್ಟು ನಮ್ಮ ಮಿಲ್ಲಿನಲ್ಲೇ ಒಂದು ಯಂತ್ರಕ್ಕೆ ಕೈಹಾಕಿದ್ದರು. ಮೇಲಿನಿಂದ ಅಕ್ಕಿ ಸುರಿಯುವಾಗ ಕ್ಯಾಮೆರಾ ನೋಡಬೇಕು, ಕರಿಕಾಳು ಕಂಡರೆ ಕಂಪ್ಯೂಟರು ಗುರುತಿಸಬೇಕು, ಗಾಳಿಯ ಒಂದು ಪೆಟ್ಟು ಅದನ್ನು ಪಕ್ಕಕ್ಕೆ ಹಾರಿಸಬೇಕು. ಹೊರದೇಶದಿಂದ ಬರುತ್ತಿದ್ದ ಅಂಥ ಯಂತ್ರಗಳು ಸಣ್ಣ ಮಿಲ್ಲಿನವರ ಕೈಗೆಟುಕುತ್ತಿರಲಿಲ್ಲ. ನಮ್ಮದರಲ್ಲಿ ವೈರಿಂಗ್ ನನ್ನದು, ಉಳಿದದ್ದೆಲ್ಲ ಅಕ್ಕನದು.

ಅಕ್ಕಿಯನ್ನು ಸಣ್ಣಗೆ ಬಿಟ್ಟರೆ ಯಂತ್ರ ಚೆನ್ನಾಗಿಯೇ ಆರಿಸುತ್ತಿತ್ತು. ಪೂರ್ತಿ ಬಿಟ್ಟರೆ ಕಂಪ್ಯೂಟರು ಗುರುತಿಸುವಷ್ಟರಲ್ಲಿ ಕರಿಕಾಳು ದಾಟಿ ಹೋಗಿರುತ್ತಿತ್ತು. ಹೊಸ ಭತ್ತ ಬರುವ ತನಕ ನೋಡುತ್ತೇನೆ, ಆಮೇಲೆ ಬಿಚ್ಚಿಕೊಂಡು ಹೋಗಿ ಎಂದು ಮಿಲ್ಲಿನ ಸಾವುಕಾರರು ಹೇಳಿಬಿಟ್ಟರು. ಇನ್ನೂ ಜೋರಿನ ಕಂಪ್ಯೂಟರ್ ತನ್ನಿ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಅಕ್ಕ ಒಪ್ಪಲಿಲ್ಲ. ಹೊತ್ತು ಎಲ್ಲಿ ಪೋಲಾಗುತ್ತಿದೆ ಎಂದು ತಿಳಿಯದೆ ಹೊಸದನ್ನು ತಂದರೆ ಅದೂ ಅಲ್ಲೇ ಎಡವುತ್ತದೆ ಎಂದರು.

ಪ್ರೊಸೆಸರಿನ ಒಳಗೇ ಎಣಿಕೆಯ ಮೀಟರುಗಳಿರುತ್ತವಂತೆ. ಎಷ್ಟು ಕೆಲಸ ಮಾಡಿತು, ಮೆಮೊರಿಗಾಗಿ ಎಷ್ಟು ಕಾದಿತು ಎಂದೆಲ್ಲ ತಾವೇ ಎಣಿಸುತ್ತವಂತೆ. ಅವುಗಳನ್ನು ಓದಲು ಅಕ್ಕ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನೊಳಗೆ ಒಂದು ಟೈಮರ್ ಕೂರಿಸಿದರು. ಅದು ಆಗಾಗ ಎಲ್ಲವನ್ನೂ ಕ್ಷಣಕಾಲ ತಡೆದು, ಆಗ ಯಾವ ಕೆಲಸ ನಡೆದಿತ್ತು, ಮೀಟರು ಎಷ್ಟು ಏರಿತ್ತು ಎಂದು ದಾಖಲಿಸುತ್ತಿತ್ತು. ನನಗೆ ತಲೆಬುಡ ತಿಳಿಯದಿದ್ದಾಗ ಕಾಲುವೆಯ ಮಾತಿನಲ್ಲಿ ಹೇಳಿದರು.

“ಗೇಟ್ ಕಾಯೋ ಲಷ್ಕರ ಹಗಲೆಲ್ಲಾ ಕಾಲುವಿ ಮ್ಯಾಲ ನಿಂದ್ರೂದಿಲ್ಲಲ್ಲ ತಮ್ಮಾ. ಆಗಾಗ ಬಂದು ಗೇಜ್ ನೋಡ್ತಾನ. ನೀರು ಎಲ್ಲಿ ಸೋರಾಕತ್ತೈತಿ ಅನ್ನೂದು ಅಷ್ಟರಾಗ ಗೊತ್ತಾಗ್ತೈತಿ.”

ಆದರೆ ಗೊತ್ತಾಗಲಿಲ್ಲ. ಎಷ್ಟು ಸಲ ನೋಡಿದರೂ ಕಂಪ್ಯೂಟರು ಕೆಲಸವಿಲ್ಲದೆ ಸುಮ್ಮನೆ ಕೂತಿದೆ ಎಂದೇ ಟೈಮರ್ ತೋರಿಸುತ್ತಿತ್ತು. ಕಾಲುವೆ ಕೆಳಗಿನ ಊರುಗಳಲ್ಲಿ ಕೊಯ್ಲು ಶುರುವಾಗಿತ್ತು. ಒಂದು ಮಧ್ಯಾಹ್ನ ಮಿಲ್ಲಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಅಕ್ಕ, ಅರ್ಧಕ್ಕೇ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಲಷ್ಕರ ದಿನಾ ಒಂದ ಹೊತ್ತಿಗೆ ಬಂದ್ರ, ಅವ ಹೋದ ಮ್ಯಾಲ ನೀರು ಕದೀತಾರ, ಹೌದಿಲ್ಲೋ?”

ಎದ್ದು ಒಳಗೆ ನಡೆದೇಬಿಟ್ಟರು. ಹಿಂದೆ ಹೋದ ನನಗೆ ಕೆಲಸ ಮಾಡುತ್ತಲೇ ವಿವರಿಸಿದರು. ಕ್ಯಾಮೆರಾ ಒಂದೇ ತಾಳದಲ್ಲಿ ಚಿತ್ರ ತೆಗೆಯುತ್ತಿತ್ತು, ಟೈಮರೂ ಅದೇ ತಾಳಕ್ಕೆ ಬೀಳುತ್ತಿತ್ತು. ಹಾಗಾಗಿ ಒಂದು ಚಿತ್ರದ ಕೆಲಸ ಮುಗಿದು ಮುಂದಿನದಕ್ಕೆ ಕಾಯುವ ಬಿಡುವಿನಲ್ಲೇ ಪ್ರತಿಸಲ ಇಣುಕುತ್ತಿತ್ತು. ಅಕ್ಕ ಟೈಮರಿನ ತಾಳ ಕೆಡಿಸಿದರು. ಒಮ್ಮೆ ಬೇಗ, ಒಮ್ಮೆ ತಡವಾಗಿ, ಯಾವಾಗ ಬರುತ್ತದೋ ಅದಕ್ಕೇ ತಿಳಿಯಬಾರದು, ಹಾಗೆ.

ಸಂಜೆಯೊಳಗೆ ಕಳ್ಳ ಸಿಕ್ಕಿಬಿದ್ದ. ಹೊತ್ತೆಲ್ಲ ಒಂದೇ ಕಡೆ, ಮೆಮೊರಿಗೆ ಕಾಯುವುದರಲ್ಲಿ ಹೋಗುತ್ತಿತ್ತು. ಅಡ್ಡಸಾಲುಗಳಾಗಿ ಜೋಡಿಸಿಟ್ಟ ಚಿತ್ರವನ್ನು ಅಕ್ಕನದೇ ಪ್ರೋಗ್ರಾಮು ಮೇಲಿಂದ ಕೆಳಕ್ಕೆ ಓದುತ್ತಿತ್ತು; ಸಾಲು ಹಿಡಿದು ಓದಿದ್ದರೆ ಒಂದೇ ಓಟಕ್ಕೆ ಹಲವು ಚುಕ್ಕಿ ಸಿಗುತ್ತಿದ್ದವು, ಈಗ ಒಂದೊಂದು ಚುಕ್ಕಿಗೂ ಮೆಮೊರಿಯ ತನಕ ಓಡಿ ಬರಬೇಕಿತ್ತು. ಅಕ್ಕ ಹಣೆ ಚಚ್ಚಿಕೊಂಡು ನಕ್ಕರು. ಓದುವ ಕ್ರಮ ತಿರುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಸಾವುಕಾರರನ್ನು ಕರೆದು ಅಕ್ಕಿಯನ್ನು ಪೂರ್ತಿ ಬಿಟ್ಟೆವು. ಗಾಳಿ ಚಟಚಟ ಹೊಡೆಯತೊಡಗಿತು. ಪಕ್ಕದ ಡಬ್ಬಿಗೆ ಕರಿಕಾಳು, ಮುಂದಿನ ಚೀಲಕ್ಕೆ ಮಲ್ಲಿಗೆಯಂಥ ಅಕ್ಕಿ. ಸಾವುಕಾರರು ಮುಷ್ಟಿ ತುಂಬ ತೆಗೆದು ಅಂಗೈ ಮೇಲೆ ಹರವಿ ಬೆಳಕಿಗೆ ಹಿಡಿದರು. ಇನ್ನೊಂದು ಮುಷ್ಟಿ ತೆಗೆದರು. ಹಮಾಲರು ಚೀಲ ಹೊರುವುದು ಬಿಟ್ಟು ಸುತ್ತ ನಿಂತರು.

“ನನ್ನ ಅಳಿಯಂದೂ ಒಂದ್ ಮಿಲ್ ಐತ್ರಿ ಅಕ್ಕಾರ,” ಅಂದರು ಸಾವುಕಾರರು. “ಅಲ್ಲಿಗೂ ಒಂದು ಮಾಡಿಕೊಡ್ರಿ.”

ಅಕ್ಕ ಯಂತ್ರದ ಕಡೆ ತಿರುಗಿದರು. ಅಕ್ಕಿ ಸುರಿಯುವ ಹಾಪರಿನ ಬಾಯಿಯನ್ನು ಮಿಲ್ಲಿನ ರೂಢಿಗಿಂತಲೂ ಹೆಚ್ಚು ತೆರೆದರು. ಯಂತ್ರ ಅದನ್ನೂ ತಾಳಿತು. ಆಗ ಹಮಾಲರಲ್ಲೊಬ್ಬ ಶಿಳ್ಳೆ ಹೊಡೆದ, ಅಕ್ಕನ ಮುಖ ಅರಳಿದ್ದನ್ನು ನೋಡಬೇಕಿತ್ತು...

ಸುಗ್ಗಿ ಮುಗಿಯುವುದರೊಳಗೆ ಸುತ್ತಲಿನ ಮಿಲ್ಲುಗಳಿಂದ ಕರೆ ಬಂತು. ನಾನು ಕೆಲಸ ಬಿಟ್ಟು, ಯಂತ್ರ ಕಟ್ಟಲು ಅಕ್ಕ ಹಾಕಿದ ಶೆಡ್ಡಿಗೇ ಸೇರಿಕೊಂಡೆ. ಇದು ಭತ್ತದ ಸೀಮೆಯವರ ಯಂತ್ರವಾಯಿತು, ನಮ್ಮ ಒಣಸೀಮೆಗೂ ಒಂದು ಮಾಡಬೇಕು, ತೊಗರಿ ಬೇಳೆ ಆರಿಸುವಂಥದ್ದು ಎಂದು ಅಕ್ಕ ಆಗಾಗ ಅನ್ನುತ್ತಿದ್ದರು. ಅದನ್ನು ಅರ್ಧ ಮಾಡಿದ್ದಾಗ ಕಾಯಿಲೆ ಬಿದ್ದರು. ಕೊಪ್ಪಳದ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಉಳಿದರ್ಧ ನಾವು ಮಾಡಿದೆವು. ಅವರ ಶಿಷ್ಯೆಯೊಬ್ಬಳು ಈಗ ಶೆಡ್ಡಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಾಳೆ. ಕಳೆದ ವಾರ ಯಲಬುರ್ಗಾದಲ್ಲಿ ಬೇಳೆ ಯಂತ್ರ ಪೂರ್ತಿ ಹರಿವಿನಲ್ಲಿ ಓಡಿತು, ಒಂದು ಕಲ್ಲೂ ದಾಟಲಿಲ್ಲ. ಬೇವೂರಿನ ರೈತರೇ ಬಂದು ನಿಂತು ನೋಡಿದರು. ಅವರಲ್ಲಿ ಅಕ್ಕನ ಅಣ್ಣನೂ ಇದ್ದ. ಅವನು ಬೇಳೆ ಮುಟ್ಟಿ ನೋಡಲಿಲ್ಲ, ಯಂತ್ರದ ಮೇಲೆ ಕೈಯಿಟ್ಟು ನಿಂತ.