ಸೋದರತ್ತೆಯ ಪರೀಕ್ಷೆ

ಮಧುಗಿರಿಯ ವೃದ್ಧಾಶ್ರಮದಿಂದ ಫೋನ್ ಬಂತು. ಅಲ್ಲಿರುವ ಎಲ್ಲರಿಗೂ ಮನಸ್ಸಿನ ತಪಾಸಣೆ ಕಡ್ಡಾಯವಂತೆ. ಮರೆವು ಹೆಚ್ಚಿದೆ ಎಂದು ಕಂಡವರನ್ನು ಹಿಂಬದಿಯ ಬೇರೆ ಕಟ್ಟಡಕ್ಕೆ ಕಳಿಸುತ್ತಾರಂತೆ. ನನ್ನ ಸೋದರತ್ತೆ ಅಲ್ಲಿ ನಾಲ್ಕು ವರ್ಷದಿಂದ ಶಿರಾದ ಬಳೆ ಅಂಗಡಿಯ ಅಜ್ಜಿಯೊಬ್ಬಳ ಜೊತೆ ಒಂದೇ ಕೋಣೆಯಲ್ಲಿದ್ದಾಳೆ. ಸುದ್ದಿ ತಿಳಿದದ್ದೇ, "ಅವ್ಳ್ನ ಬುಟ್ಟು ನಾನೆಲ್ಲೂ ಹೋಗಾಕಿಲ್ಲ ಕಣ್ಲಾ" ಎಂದಳು.

ಚಿಂತೆ ಮಾಡುವುದೊಂದೇ ನಾನು ಪೂರ್ತಿ ಕಲಿತ ವಿದ್ಯೆ. ತಪಾಸಣೆ ಸೋಮವಾರ ಎಂದಿದ್ದರು. ಹಿಂದಿನ ದಿನವೇ ಹೋಗಿ ಅತ್ತೆಯನ್ನು ಪಾಠಕ್ಕೆ ಕೂರಿಸಿದೆ. "ಯಾವ ವಾರ ಅಂತ ಕೇಳ್ತಾರೆ. ಸೋಮವಾರ ಅನ್ನು." ಹತ್ತು ಸಲ ಒಪ್ಪಿಸಿಕೊಂಡೆ. ಸೋಮವಾರ ಡಾಕ್ಟರು ಬರಲಿಲ್ಲ, ಮಂಗಳವಾರ ಬಂದರು. ಪಾಠ ತಿದ್ದಬೇಕೆನ್ನುವುದು ಮೇಷ್ಟ್ರಿಗೇ ಮರೆತುಹೋಗಿತ್ತು.

"ಇವತ್ತು ಯಾವ ವಾರ ಅಜ್ಜಿ?" ಎಂದರು ಡಾಕ್ಟರಮ್ಮ.

"ಸೋಮವಾರ!" ಅತ್ತೆ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. ಡಾಕ್ಟರಮ್ಮ ಕೈ ತೋರಿಸಿ ಸುಮ್ಮನಾಗಿಸಿದರು.

"ನೂರರಲ್ಲಿ ಏಳು ಕಳೀರಿ."

"ಯಾಕ್ ಕಳೀಬೇಕವ್ವ? ಇರ್ಲಿ ಬುಡು."

ಹಿಂಬದಿಯ ಕಟ್ಟಡ ನನ್ನ ಕಣ್ಣ ಮುಂದೆ ಬಂದು ನಿಂತಿತು.

"ಒಂದು ನಿಮಿಷದಲ್ಲಿ ನಿಮಗೆ ಗೊತ್ತಿರೋ ಪ್ರಾಣಿಗಳ ಹೆಸರೆಲ್ಲ ಹೇಳಿ."

"ಕುರಿ," ಎಂದು ಅತ್ತೆ ನಿಲ್ಲಿಸಿದಳು.

"ಇನ್ನೂ?"

"ಯಾವ್ ಕುರಿ ಅಂತ ಕೇಳು ಕಣಮ್ಮ."

ತನ್ನೂರು ಹುಲಿಕುಂಟೆಯಲ್ಲಿ ಅವಳು ಕುರಿ ಕಾಯುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. "ಮೊದ್ಲು ತವರಿಂದ ಹೊಡ್ಕೊಂಡ್ ಬಂದಿದ್ದು ಕರಿಮೊಗದ್ದು. ಅದ್ರ ಮಗ್ಳು ಚುಕ್ಕೆಕಿವಿ. ಚುಕ್ಕೆಕಿವೀಗೆ ಅವಳಿ. ಅದ್ರಾಗೆ ಒಂದು ನಮ್ಮತ್ತೆ ಕೆಮ್ಮಿದಂಗೇ ಕೆಮ್ಮೋದು..." ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಬಣ್ಣ, ಕಾಲು, ಕೆಟ್ಟ ಚಾಳಿ ಒಂದೂ ಬಿಡದೆ ಹೇಳುತ್ತ ಹೋದಳು. ನಿಮಿಷ ಮುಗಿದು ಎಷ್ಟೋ ಹೊತ್ತಾಗಿತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಿದ್ದರು. ಆ ಪುಟ್ಟ ಕೋಣೆಯೊಳಕ್ಕೆ ಒಂದು ಮಂದೆ ಬಂದು ತುಂಬಿಕೊಂಡಂತಾಯಿತು. ಇದರಲ್ಲಿ ಒಂದನ್ನೂ ನಾನು ಎಂದೂ ಕೇಳಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಬಳೆ ಅಜ್ಜಿಗೆ ತಡೆಯಲಾಗಲಿಲ್ಲ. "ಅರೇ, ಅವಳೀಲಿ ಇನ್ನೊಂದು ಬಿಟ್ಬುಟ್ಟೆ! ಕುಂಟೀದು!"

"ಸುಮ್ಕಿರೇ, ಅದುಕ್ಕೇ ಬತ್ತಾ ಇದೀನಿ!"

ಡಾಕ್ಟರಮ್ಮ ಬಳೆ ಅಜ್ಜಿಯತ್ತ ತಿರುಗಿದರು. "ನೀವು ಆ ಕುರಿಗಳನ್ನ ನೋಡಿದ್ರಾ?"

"ಇಲ್ಲಮ್ಮ, ಒಂದೂ ನೋಡಿಲ್ಲ. ದಿನಾ ಹೇಳ್ತಾಳೆ. ಇವಳು ಮರೆತ್ರೆ ನಾನು ಹೇಳ್ತೀನಿ."

ಡಾಕ್ಟರಮ್ಮ ಮತ್ತೆ ಪೆನ್ನು ಎತ್ತಿಕೊಂಡರು. ಮರೆವು ಇದೆ, ಮೂರು ತಿಂಗಳಿಗೆ ಮತ್ತೆ ನೋಡಬೇಕು ಎಂದರು. ಆಮೇಲೆ ಕಾಗದದ ಕೆಳಗೆ ಬರೆದರು: ಇದೇ ಕೋಣೆ, ಇದೇ ಜೊತೆ.

ನನ್ನ ಬಸ್ಸಿನ ಹೊತ್ತು ಮೀರುತ್ತಿತ್ತು. ಅದಕ್ಕೂ ಚಿಂತೆ ಹುಟ್ಟಲಿಲ್ಲ. ಅವರಿಬ್ಬರೂ ಜಗಳವಾಡುತ್ತ ಕುರಿಗಳ ಐದನೇ ತಲೆಮಾರಿಗೆ ಬಂದಿದ್ದರು. ನಾನು ಕೂತೇ ಇದ್ದೆ.