ಭಾವನ ಇಂಜಿನ್ನಿನ ಉಸಿರು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ನನ್ನ ತಲೆಯಲ್ಲಿ ಉಳಿದಿರುವ ಕೆಲವೇ ಪಾಠಗಳಲ್ಲಿ ಅದೂ ಒಂದು. ಆದ್ದರಿಂದ ಆ ಭಾನುವಾರ ಭಾವನ ಅಂಗಡಿಯ ಕಿಟಕಿಯಿಂದ ದಟ್ಟ ಹೊಗೆ ಬರುವುದನ್ನು ಕಂಡಾಗ ನಾನು ಬಾವಿಯ ಯೋಚನೆಗೇ ಹೋಗಲಿಲ್ಲ. ಪಕ್ಕದ ಕ್ಷೌರದಂಗಡಿಯ ಬಾಗಿಲಲ್ಲಿ ನೆಲ ಒರೆಸಲು ಇಟ್ಟಿದ್ದ ಬಕೆಟ್ಟನ್ನು ಎತ್ತಿಕೊಂಡು, "ಭಾವಾ, ಓಡಿ ಹೊರಗೆ!" ಎಂದು ಅರಚುತ್ತ ಒಳಗೆ ನುಗ್ಗಿ, ಹೊಗೆ ಏಳುತ್ತಿದ್ದ ಜಾಗಕ್ಕೇ ಗುರಿಯಿಟ್ಟು ಸುರಿದುಬಿಟ್ಟೆ. ಜೀವಮಾನದಲ್ಲಿ ನನ್ನ ಗುರಿ ತಪ್ಪದೆ ಇದ್ದದ್ದು ಅದೊಂದೇ ಸಲ.

ಹೊಗೆ ನಿಂತಿತು. ದೀಪವೂ ಆರಿತು. ಮೇಜಿನ ಮೇಲೆ ಮೊಳದುದ್ದದ ಒಂದು ಕರಿಯ ರೈಲು ಇಂಜಿನ್, ಚಿಮಣಿಯಿಂದ ಸಾಬೂನಿನ ನೊರೆ ಉಕ್ಕಿಸುತ್ತ, ಚಕ್ರಗಳಿಗೆ ಯಾರದೋ ತಲೆಗೂದಲು ಸುತ್ತಿಕೊಂಡು ನಿಂತಿತ್ತು. ಅದರ ಹಿಂದೆ ಭಾವ. ಅವರ ಕನ್ನಡಕದಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಮೂರು ತಿಂಗಳಿಂದ ಕಾಯ್ತಿದ್ದೆ," ಎಂದರು ಭಾವ, ಕನ್ನಡಕ ತೆಗೆದು ಒರೆಸುತ್ತ. "ಇವತ್ತು ಹೊಗೆ ಬಂತು. ಅದರ ಹಿಂದೇನೇ ನೀನೂ ಬಂದೆ."

ಅವರು ಬೈದದ್ದು ಅಷ್ಟೇ. ಆಮೇಲೆ ಚಿಮುಟ ತೆಗೆದುಕೊಂಡು ಚಕ್ರದಿಂದ ಒಂದೊಂದೇ ಕೂದಲು ಎಳೆಯಲು ಕೂತರು. ನಾನು ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದೆ, ಮದುವೆಮನೆಯಲ್ಲಿ ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ.

ಅಕ್ಕನ ಗಂಡನಾದ ಈ ಭಾವನದು ಹೊಲಿಗೆ ಯಂತ್ರ ರಿಪೇರಿ. ಎರಡಾಳು ಅಗಲದ ಅಂಗಡಿ, ಗೋಡೆಯ ತುಂಬ ಬೆಲ್ಟುಗಳು, ಡಬ್ಬಿಗಳಲ್ಲಿ ಬಾಬಿನ್ನುಗಳು, ಎಲ್ಲದರ ಮೇಲೂ ಒಂದು ಪದರ ಎಣ್ಣೆ. ಯಂತ್ರ ಯಾವುದೇ ಇರಲಿ, ರೋಗ ಏನೇ ಇರಲಿ, ಮೊದಲು ಎಣ್ಣೆ ಬಿಡುವುದು ಅವರ ಪದ್ಧತಿ. "ನಿಮ್ಮ ಭಾವ ಯಂತ್ರಕ್ಕೆಲ್ಲ ಎಣ್ಣೆ ಬಿಡ್ತಾರೆ. ಅವರ ನಾಲಿಗೆಗೆ ಬಿಡೋರು ಯಾರು?" ಎನ್ನುತ್ತಾಳೆ ಅಕ್ಕ. ಮಾತು ಕಡಿಮೆ, ನಿಜ. ಆದರೆ ಆಡಿದ ಒಂದು ಮಾತು ನನ್ನಂಥವನನ್ನು ವಾರವಿಡೀ ಕುಟುಕುತ್ತದೆ.

ಭಾವನ ಅಪ್ಪ ಮೂವತ್ತು ವರ್ಷ ಉಗಿಬಂಡಿ ಓಡಿಸಿದವರು. ಬೀದಿಗೆಲ್ಲ ಅವರು ಇಂಜಿನ್ ತಾತ. ಈಗ ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು. ಮಗನ ಕಸುಬಿನ ಬಗ್ಗೆ ಯಾರಾದರೂ ಕೇಳಿದರೆ, "ನಮ್ಮೋನು ಸೂಜಿ ರಿಪೇರಿ ಮಾಡ್ತಾನೆ" ಎನ್ನುತ್ತಿದ್ದರು. ಕೊಂಕೇನಿಲ್ಲ. ಆದರೆ ನೂರು ಟನ್ ಓಡಿಸಿದ ಮನುಷ್ಯನ ಬಾಯಲ್ಲಿ ಸೂಜಿ ಎಂಬ ಶಬ್ದ ಸೂಜಿಗಿಂತಲೂ ಸಣ್ಣದಾಗಿ ಕೇಳುತ್ತಿತ್ತು.

ಅಪ್ಪ ಕೊನೆಯದಾಗಿ ಓಡಿಸಿದ ಇಂಜಿನ್ನನ್ನೇ ಭಾವ ಎರಡು ವರ್ಷ ಕೂತು ಪುಟ್ಟದಾಗಿ ಕಟ್ಟಿದ್ದರು. ವಿದ್ಯುತ್ತಿನಿಂದ ಓಡುತ್ತಿತ್ತು. ಮೊದಲ ಸಲ ತೋರಿಸಿದಾಗ ತಾತ ಅದನ್ನು ತಡವಿ ನೋಡಿ, "ಆಟದ ಸಾಮಾನು. ಚೆನ್ನಾಗಿದೆ," ಎಂದರು. "ಹೊಗೆ ಎಲ್ಲೋ?"

ಅಪ್ಪನ ಬಾಯಿಂದ ಅದನ್ನು ಒಮ್ಮೆ 'ಇಂಜಿನ್' ಎನ್ನಿಸಿಕೊಳ್ಳಬೇಕು ಎಂಬ ಹಟ ಭಾವನಿಗೆ ಹಿಡಿದದ್ದು ಆವಾಗ. ಹಟ ಹಿಡಿದದ್ದು ನಮಗೆ ಗೊತ್ತಾದದ್ದು, ಅವರು ಎರಡನೇ ಸಲ ಬಡಿಸಿಕೊಳ್ಳದೆ ಊಟದಿಂದ ಏಳತೊಡಗಿದ ಮೇಲೆ.

ಚಿಮಣಿಯ ಕೆಳಗೆ ಒಂದು ಪುಟ್ಟ ತೊಟ್ಟಿ, ಅದರಲ್ಲಿ ಬತ್ತಿ, ಬತ್ತಿಯ ಸುತ್ತ ಕಾಯುವ ತಂತಿ. ತೊಟ್ಟಿಗೆ ತೆಳುವಾದ ಎಣ್ಣೆ ಬಿಟ್ಟರೆ ತಂತಿಯ ಶಾಖಕ್ಕೆ ಹೊಗೆ ಬರಬೇಕು. ಬರಲಿಲ್ಲ. ಭಾವ ಎಂದಿನಂತೆ ಇನ್ನಷ್ಟು ಎಣ್ಣೆ ಬಿಟ್ಟರು. ಆಗಲೂ ಬರಲಿಲ್ಲ, ಮತ್ತಷ್ಟು ಬಿಟ್ಟರು. ಎಣ್ಣೆಯಲ್ಲಿ ಮುಳುಗಿದ ತಂತಿ ಕಾಯುವುದಾದರೂ ಹೇಗೆ? ಮೂವತ್ತು ವರ್ಷ ಅನ್ನ ಹಾಕಿದ ಪದ್ಧತಿಯೇ ಕಾಲಿಗೆ ತೊಡರಿತ್ತು. ಇದು ಹೊಳೆಯಲು ಅವರಿಗೆ ಮೂರು ತಿಂಗಳು ಬೇಕಾಯಿತು. ಕೊನೆಗೆ ಏಳೇ ಹನಿ ಬಿಟ್ಟು, ತಂತಿಯನ್ನು ದಪ್ಪ ಮಾಡಿ, ಹೊಗೆ ಎಬ್ಬಿಸಿದ ದಿನವೇ ನಾನು ಬಕೆಟ್ ಸಮೇತ ದಯಮಾಡಿಸಿದ್ದು.

ಇಂಜಿನ್ ಒಣಗಲು ಒಂದು ವಾರ ಹಿಡಿಯಿತು. ಮುಂದಿನ ಭಾನುವಾರ ಮನೆಯ ನಡುಕೋಣೆಯಲ್ಲಿ, ಊಟದ ಮೇಜಿನ ಮೇಲೆ ಹಳಿ ಹಾಸಿ, ಭಾವ ಗುಂಡಿ ಒತ್ತಿದರು. ಹೊಗೆ ಎಂದರೆ ಹೊಗೆ! ಅಕ್ಕ ಕೆಮ್ಮುತ್ತ ಕಿಟಕಿ ತೆರೆದಳು. "ಒಗೆದ ಬಟ್ಟೆಯೆಲ್ಲ ಹೋಯ್ತು! ಅಪ್ಪನಿಗೆ ರೈಲು ತೋರಿಸಿ ಅಂದ್ರೆ ಸುರಂಗ ತೋರಿಸ್ತಿದೀರ!" ನಾನು ಚಪ್ಪಾಳೆ ತಟ್ಟಿದೆ. ತಪ್ಪು ಮಾಡಿದವನು ಚಪ್ಪಾಳೆಯಲ್ಲಿ ಮುಂದಿರಬೇಕು.

ತಾತ ಮೂಗು ಅರಳಿಸಿದರು. "ಒಲೆಗೆ ಕಲ್ಲಿದ್ದಲು ಹಾಕೋ ಫೈರ್‌ಮನ್ ಯಾರೋ?"

"ನಾನೇ ಅಪ್ಪಾ."

"ಇಳಿಸು ಅವನನ್ನ. ಕಲ್ಲಿದ್ದಲು ದಂಡ ಮಾಡ್ತಿದಾನೆ."

ನಮಗೆ ಅರ್ಥವಾಗಲಿಲ್ಲ. ತಾತ ಬೆರಳು ಮಡಿಸಿ ಹೇಳಿದರು, "ಹೊಗೆ ಜಾಸ್ತಿ ಅಂದ್ರೆ ಬೆಂಕಿ ಸರಿ ಇಲ್ಲ ಅಂತ. ಒಳ್ಳೆ ಫೈರ್‌ಮನ್ ಇದ್ರೆ ತೆಳ್ಳಗೆ ಬರುತ್ತೆ. ಅದಿರಲಿ, ಇದೇನೋ ನಲ್ಲಿ ಬಿಟ್ಟ ಹಾಗೆ ಒಂದೇ ಸಮ ಬರ್ತಿದೆ? ಉಸಿರಾಡಬೇಕು ಕಣೋ. ಚಕ್ರ ಒಂದು ಸುತ್ತು ಸುತ್ತೋದ್ರೊಳಗೆ ನಾಲ್ಕು ಉಸಿರು."

ನಾನು ಭಾವನ ಮುಖ ನೋಡಿದೆ. ಬೇಜಾರಾಗಿರಬಹುದು ಎಂದುಕೊಂಡಿದ್ದೆ. ಅವರು ಕೋಣೆಯ ಮೂಲೆಯಲ್ಲಿದ್ದ ಅಕ್ಕನ ಹೊಲಿಗೆ ಯಂತ್ರವನ್ನೇ ದಿಟ್ಟಿಸುತ್ತಿದ್ದರು. ಚಕ್ರ ಸುತ್ತಿದರೆ ಸೂಜಿ ಮೇಲೆ, ಕೆಳಗೆ. ಸುತ್ತುವುದನ್ನು ಕುಟ್ಟುವುದಾಗಿ ಮಾಡುವುದೇ ಅವರ ಜೀವಮಾನದ ಕೆಲಸವಾಗಿತ್ತು.

ಮರುದಿನವೇ ಹೂವಿನ ಹೊಲಿಗೆ ಹಾಕುವ ಒಂದು ಮುರುಕಲು ಯಂತ್ರ ಬಿಚ್ಚಿ, ಅಂಚಿನಲ್ಲಿ ನಾಲ್ಕು ಉಬ್ಬುಗಳಿದ್ದ ಲೋಹದ ಬಿಲ್ಲೆಯೊಂದನ್ನು ತೆಗೆದರು. ಅದನ್ನು ಅರದಿಂದ ಉಜ್ಜಿ ಕಿರಿದು ಮಾಡಿ ಇಂಜಿನ್ನಿನ ಚಕ್ರದ ಅಚ್ಚಿಗೆ ಕೂಡಿಸಿದರು. ತೊಟ್ಟಿಯ ಕೆಳಗೆ ಹೆಬ್ಬೆರಳಗಲದ ಚರ್ಮದ ತಿದಿ. ಪ್ರತಿ ಉಬ್ಬೂ ತಿದಿಯನ್ನು ಒಮ್ಮೆ ಒತ್ತುತ್ತದೆ. ಒತ್ತಿದಾಗಲೊಮ್ಮೆ ಗಾಳಿ ಹೊಗೆಯನ್ನು ಮೇಲಕ್ಕೆ ತಳ್ಳುತ್ತದೆ. ಎಣ್ಣೆ ಏಳರಿಂದ ಮೂರು ಹನಿಗೆ ಇಳಿಯಿತು. ಆ ಮೂರು ಹನಿ ಬಿಡುವಾಗ ಅವರ ಕೈಬಿಗಿ ಕಂಡ ನನಗೆ ನಗು ಬಂತು. ಜಿಪುಣ ದಾನ ಮಾಡುವಾಗಲೂ ಅಷ್ಟು ಲೆಕ್ಕ ಹಾಕುವುದಿಲ್ಲ.

ಮೂರನೇ ಪರೀಕ್ಷೆಗೆ ನನ್ನನ್ನು ಮೇಜಿನಿಂದ ಎರಡು ಮಾರು ದೂರ ಕೂರಿಸಿದರು. ನೀರಿನ ಲೋಟವನ್ನೂ ಅಕ್ಕ ಮುಟ್ಟಗೊಡಲಿಲ್ಲ.

ಭಾವ ಗುಂಡಿ ಒತ್ತಿದರು. ಇಂಜಿನ್ ಮೆಲ್ಲಗೆ ಕದಲಿತು. ಫುಸ್, ಫುಸ್, ಫುಸ್, ಫುಸ್. ಚಿಮಣಿಯಿಂದ ತೆಳ್ಳನೆಯ ಬಿಳಿ ಉಂಡೆಗಳು, ಒಂದರ ಹಿಂದೊಂದು. ತಾತ ಕುರ್ಚಿ ಮುಂದಕ್ಕೆಳೆದುಕೊಂಡು ಚಿಮಣಿಯ ಮೇಲೆ ಅಂಗೈ ಹಿಡಿದರು. ಇಂಜಿನ್ ಮುಂದೆ ಸಾಗಿದಂತೆ ಕೈಯೂ ಸಾಗಿತು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು. ಒಂದು ಸುತ್ತು ಮುಗಿಯಿತು, ಎರಡಾಯಿತು. ಭಾವ ಉಸಿರೇ ಬಿಡುತ್ತಿರಲಿಲ್ಲ. ಮನೆಯಲ್ಲಿ ಉಸಿರಾಡುತ್ತಿದ್ದುದು ಆ ಇಂಜಿನ್ ಒಂದೇ.

ಮೂರನೇ ಸುತ್ತಿಗೆ ತಾತ ಕೈ ಹಿಂದಕ್ಕೆ ತೆಗೆದು, ಅಂಗೈಯನ್ನು ಮೂಗಿನ ಹತ್ತಿರ ತಂದು, ಬೆನ್ನು ನೆಟ್ಟಗೆ ಮಾಡಿ ಕೂತರು. ಎಷ್ಟೋ ವರ್ಷದಿಂದ ನಾನು ಕೇಳದಿದ್ದ ಗಡಸು ದನಿಯಲ್ಲಿ ಮಗನನ್ನು ವಿಚಾರಿಸಿಕೊಂಡರು:

"ಬೆಂಕಿ ಸರಿಯಾಗಿದೆ. ಹೀಗೇ ಓಡಿಸಿದ್ರೆ ದಾರೀಲಿ ನೀರು ಮುಗಿಯುತ್ತೆ. ಈ ಇಂಜಿನ್‌ಗೆ ನೀರು ಎಲ್ಲಿ ಹಿಡಿಸ್ತೀಯೋ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೆ ಎಂದು ಆಮೇಲೆ ವಾದಿಸಿದಳು, ಆದರೆ ಅಂದು ಅಷ್ಟು ಹೊಗೆ ಎಲ್ಲಿತ್ತು?

ಭಾವ ಗುಂಡಿಯಿಂದ ಕೈ ತೆಗೆಯಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನೀರಿನ ಯೋಚನೆ ಇಲ್ಲಪ್ಪಾ," ಎಂದರು. "ಬಾಮೈದ ತರ್ತಾನೆ."