ಛತ್ರದ ಹಾಲಿನ ಡಬ್ಬಿ

ಮೊದಲು ಗೊತ್ತಾದದ್ದು ನನ್ನ ಬೆರಳಿಗೆ.

ಐದು ತಿಂಗಳ ಮೊಮ್ಮಗನ ನೆತ್ತಿಗೆ ದಿನವೂ ಹರಳೆಣ್ಣೆ ಒತ್ತುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ. ಆ ಬೆಳಿಗ್ಗೆ ಎಣ್ಣೆ ಹಚ್ಚಿದ ಬೆರಳು ಒಳಕ್ಕೆ ಇಳಿಯಿತು. ನೆತ್ತಿ ಗುಳಿ ಬಿದ್ದಿತ್ತು. ಹಿಂದಿನ ದಿನದಿಂದ ನೀರಿನಂಥ ಭೇದಿ. ಮಗು ಅಳಲು ಬಾಯಿ ತೆರೆಯಿತು. ಸದ್ದು ಬರಲಿಲ್ಲ.

“ನೆತ್ತಿ ಬಿದ್ದಿದೆ ಕಣ್ರೀ, ಯಾರ ಕಣ್ಣು ತಾಕ್ತೋ!” ಎಂದಳು ನನ್ನ ಹೆಂಡತಿ ರತ್ನಮ್ಮ.

ಯಾರ ಕಣ್ಣೂ ತಾಕಿರಲಿಲ್ಲ. ಕಾರಣ ನನಗೆ ಗೊತ್ತಿತ್ತು.

ಇದು ನಡೆದು ಎರಡು ತಿಂಗಳೂ ಆಗಿಲ್ಲ. ಹೇಳಬೇಕಾದವರಿಗೆಲ್ಲ ಬಾಯಲ್ಲಿ ಹೇಳಿದ್ದೇನೆ. ಅದು ಸಾಲದು ಅನ್ನಿಸುತ್ತಿದೆ. ಬಾಯಲ್ಲಿ ಹೇಳುವಾಗ ಮನುಷ್ಯ ತನಗೆ ಬೇಕಾದ ಕಡೆ ದನಿ ತಗ್ಗಿಸಿಬಿಡಬಹುದು. ಬರೆಯುವಾಗ ಆಗುವುದಿಲ್ಲ.

ಬರ್ಮಾಕ್ಕೆ ಜಪಾನಿನವರು ಬಂದ ಮೇಲೆ ಅಲ್ಲಿಂದ ನಡೆದು ಬಂದ ನಮ್ಮ ಕಡೆಯ ಕೆಲವು ಸಂಸಾರಗಳನ್ನು ಮುಳಬಾಗಿಲಿನ ಹೊರಗಿನ ಒಂದು ಹಳೆಯ ಛತ್ರದಲ್ಲಿ ಇಳಿಸಿದ್ದರು. ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ಒಬ್ಬ ಲೇಡಿ ಡಾಕ್ಟರ್ ಬಂದರು. ಎಳೆಗೂಸುಗಳಿಗೆ ದಾರಿಯಲ್ಲಿ ಏನು ಕುಡಿಸಿದರು, ಈಗ ಏನು ಕುಡಿಸುತ್ತಾರೆ, ತಾಯಿಯ ಹೊಟ್ಟೆಗೆ ಏನು ಬೀಳುತ್ತದೆ ಎಂದು ಕೇಳಿ ಬರೆದುಕೊಂಡು, ಪ್ರತಿ ಸೋಮವಾರ ಮಕ್ಕಳನ್ನು ತೂಗುವುದು ಅವರ ಸರ್ವೆ. ಹೋಲಿಸಿ ನೋಡಲು ಊರಿನ ಅದೇ ವಯಸ್ಸಿನ ಮಕ್ಕಳೂ ಬೇಕಿತ್ತು. ಹೈಸ್ಕೂಲು ಓದಿ ಮೂವತ್ತು ವರ್ಷ ಮೇಷ್ಟ್ರಾಗಿ ರಿಟೈರಾಗಿದ್ದ ನನಗೆ ಕನ್ನಡ, ತೆಲುಗು, ಅಷ್ಟಿಷ್ಟು ಇಂಗ್ಲಿಷು ಬರುತ್ತಿತ್ತು. ಫಾರಂ ಬರೆಯಲು ನನ್ನನ್ನು ಇಟ್ಟುಕೊಂಡರು. ಊರಿನ ಮಕ್ಕಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನ ಮೊಮ್ಮಗನದು.

ಛತ್ರದ ಉಗ್ರಾಣದ ಬೀಗದ ಕೈಯೂ ನನ್ನ ಬಳಿಯೇ. ಅಲ್ಲಿ ಹಾಲಿನ ಪುಡಿಯ ಡಬ್ಬಿಗಳಿದ್ದವು. ಅವು ತಾಯಿಯಿಲ್ಲದ ಕೂಸಿಗೆ ಮಾತ್ರ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಛತ್ರದಲ್ಲಿ ಅಂಥದ್ದು ಒಂದೇ ಇತ್ತು. ಅದರ ತಾಯಿ ಬೆಟ್ಟ ದಾಟುವಾಗ ತೀರಿಕೊಂಡಿದ್ದಳು. ಮುದಿ ಅಜ್ಜಿ ಎತ್ತಿಕೊಂಡು ಬಂದಿದ್ದಳು.

ಡಬ್ಬಿಯ ಮೇಲೆ ಒಂದು ಮಗುವಿನ ಚಿತ್ರ. ಗುಂಡು ಕೆನ್ನೆ, ಕೈಕಾಲಿನಲ್ಲಿ ಮಡಿಕೆ ಮಡಿಕೆ ಮಾಂಸ. ದಿನವೂ ಅದನ್ನು ನೋಡುತ್ತಿದ್ದೆ. ಓದಿದವನಲ್ಲವೇ, ಅಚ್ಚಾದದ್ದನ್ನು ನಂಬುವುದು ನನಗೆ ಅಭ್ಯಾಸ.

ಆ ಸಮಯಕ್ಕೆ ಸರಿಯಾಗಿ ಸೊಸೆ ಸರೋಜಳಿಗೆ ಚಳಿಜ್ವರ ಬಂತು. ಗೌನಿಪಲ್ಲಿಯ ತವರಿನಿಂದ ಬಾಣಂತನ ಮುಗಿಸಿ ಬಂದು ಹದಿನೈದು ದಿನ ಆಗಿತ್ತಷ್ಟೆ. ಮಗ ಪೂನಾದಲ್ಲಿ ಮಿಲಿಟರಿ ಗುಮಾಸ್ತ. ಮನೆಯಲ್ಲಿ ಹೇಳುವವನು ಕೇಳುವವನು ನಾನೇ. ಜ್ವರದ ಹಾಲು ಮಗುವಿಗೆ ಆಗದು ಎಂದು ರತ್ನಮ್ಮ ಎದೆ ಬಿಡಿಸಿದಳು. ನಾನು ಛತ್ರದಿಂದ ಒಂದು ಡಬ್ಬಿ, ಒಂದು ರಬ್ಬರ್ ತೊಟ್ಟಿನ ಬಾಟಲಿ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದೆ. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ಡಬ್ಬಿಯನ್ನು ನಾನು ಬಿಡಲಿಲ್ಲ.

“ಮಾವ, ಈಗ ನಾನೇ ಕುಡಿಸ್ತೀನಿ,” ಎಂದಳು ಸರೋಜ.

“ನಿನ್ನಲ್ಲಿ ಏನಮ್ಮಾ ಇದೆ, ಕಡ್ಡಿ ಹಾಗಿದ್ದೀಯ. ಇದು ಸೀಮೆ ಹಾಲು, ಸುಮ್ಮನಿರು.”

ಇನ್ನೊಂದು ಡಬ್ಬಿ ತರಲು ಧೈರ್ಯವಿರಲಿಲ್ಲ. ಇದ್ದದ್ದೇ ಬಹಳ ದಿನ ಬರುವ ಹಾಗೆ ಮಾಡಬೇಕಿತ್ತು. ಪುಡಿ ಕಡಿಮೆ, ನೀರು ಜಾಸ್ತಿ. ನೀರು ಬೆಳ್ಳಗಾದರೆ ಸಾಕು ಅಂದುಕೊಂಡೆ. ಬಾವಿಯ ನೀರಿನಲ್ಲೇ ಬಾಟಲಿ ತೊಳೆದೆ. ಮೂರು ವಾರ ಹೀಗೆಯೇ ನಡೆಯಿತು. ಪ್ರತಿ ಸೋಮವಾರ ಮೊಮ್ಮಗನ ಫಾರಂನಲ್ಲಿ ದುಂಡಗೆ ಬರೆದೆ: ತಾಯಿಯ ಹಾಲು ಮಾತ್ರ. ಛತ್ರದ ತಬ್ಬಲಿ ಕೂಸಿನ ಅಜ್ಜಿ ಡಬ್ಬಿ ಕೇಳಲು ಬಂದರೆ “ಕೋಲಾರದಿಂದ ಬಂದಿಲ್ಲಮ್ಮ” ಎಂದೆ. ನಾನು ಒಯ್ದ ಡಬ್ಬಿಯ ಲೆಕ್ಕ ಸರಿಹೋಗಲೆಂದು ಅದರ ಫಾರಂನಲ್ಲಿ ಬರೆದದ್ದು: ಡಬ್ಬಿಯ ಹಾಲು.

ಆ ಕೂಸು ವಾರವಾರವೂ ತೂಕ ಏರುತ್ತಿತ್ತು. ಹೇಗೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ.

ನೆತ್ತಿ ಬಿದ್ದ ದಿನ ಮಗುವನ್ನೆತ್ತಿಕೊಂಡು ಛತ್ರಕ್ಕೆ ಓಡಿದೆವು. ಡಾಕ್ಟರು ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಚಿವುಟಿದ್ದು ಹಾಗೆಯೇ ನಿಂತಿತು.

“ಡಿಹೈಡ್ರೇಷನ್. ಮೈಯಲ್ಲಿ ನೀರೇ ಇಲ್ಲ. ಮೇಷ್ಟ್ರೇ, ಏನು ಕೊಡ್ತಿದ್ರಿ?”

“ತಾಯಿ ಹಾಲು ಅಮ್ಮ.”

“ಬೇರೆ ಏನೂ ಇಲ್ವಾ?”

“ಇಲ್ಲ.”

ಅವರು ಸರೋಜಳ ಕಡೆ ತಿರುಗಿದರು. ಅವಳು ನನ್ನ ಮುಖ ನೋಡಿದಳು. ತಲೆ ತಗ್ಗಿಸಿದಳು.

ಡಾಕ್ಟರು ಫಾರಂಗಳನ್ನು ತಿರುವಿದರು. “ಜ್ವರದ ಮೇಲೆ ತಾಯಿಗೆ ಏನೋ ಆಗಿರಬೇಕು. ಸದ್ಯಕ್ಕೆ ಎದೆಹಾಲು ನಿಲ್ಸಿ. ನೋಡಿ, ಈ ತಾಯಿಯಿಲ್ಲದ ಮಗು ಡಬ್ಬಿ ಹಾಲಲ್ಲೇ ಎಷ್ಟು ಚೆನ್ನಾಗಿ ಬಂದಿದೆ. ಇವನಿಗೂ ಅದನ್ನೇ ಕೊಡೋಣ.” ಚೀಟಿ ಬರೆದು ನನ್ನ ಕೈಗೆ ಕೊಟ್ಟರು. “ಉಗ್ರಾಣದಿಂದ ಒಂದು ಡಬ್ಬಿ ತೆಗೀರಿ.”

ನನ್ನ ಎರಡು ಸುಳ್ಳೂ ಸೇರಿ ಬರೆಸಿದ ಚೀಟಿ ಅದು.

ಬೀಗದ ಕೈ ಸೊಂಟದಲ್ಲೇ ಇತ್ತು. ಉಗ್ರಾಣದ ಬಾಗಿಲವರೆಗೆ ಹೋದೆ ಕೂಡ. ನಾಚಿಕೆ ಪಡುತ್ತಲೇ ಬರೆಯುತ್ತಿದ್ದೇನೆ, ಆ ಹೊತ್ತಿನಲ್ಲೂ ನನ್ನ ತಲೆ ಲೆಕ್ಕ ಹಾಕುತ್ತಿತ್ತು: ಈ ಸಲ ಗಟ್ಟಿಯಾಗಿ ಕಲಸಿ ಕೊಟ್ಟರೆ ಯಾರಿಗೂ ತಿಳಿಯದೆ ಸರಿಹೋಗಬಹುದೇ ಎಂದು. ಹಿಂದಿನಿಂದ ಮಗುವಿನ ನರಳಾಟ ಕೇಳುತ್ತಿತ್ತು. ಅದೂ ನಿಂತಿತು.

ತಿರುಗಿ ಬಂದೆ.

“ಅಮ್ಮಾ, ಅವನು ಕುಡೀತಿರೋದೇ ಅದು.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಎಷ್ಟು ನೀರಿಗೆ ಎಷ್ಟು ಚಮಚ? ಯಾವ ನೀರು? ಕಾಯಿಸಿದ್ದಾ? ಎಷ್ಟು ದಿನದಿಂದ? ಛತ್ರದ ಹೆಂಗಸರಿಗೆ ನಾನು ಕೇಳುತ್ತಿದ್ದ ಪ್ರಶ್ನೆಗಳೇ ಅವು. ಉತ್ತರ ಹೇಳುವ ಕಡೆ ಕುಳಿತಾಗ ಅವು ಎಷ್ಟು ಉದ್ದವೆಂದು ತಿಳಿಯಿತು.

“ಹಾಗಾದ್ರೆ ಆ ತಾಯಿಯಿಲ್ಲದ ಮಗು ಏನು ಕುಡೀತಿದೆ?”

ಜಗಲಿಯ ಕಂಬಕ್ಕೊರಗಿ ಕುಳಿತಿದ್ದ ಯಲ್ಲಮ್ಮ ಬಾಯಿ ಹಾಕಿದಳು. ರಂಗೂನಿನ ಅಕ್ಕಿ ಗಿರಣಿಯಲ್ಲಿ ಕೂಲಿಗಿದ್ದವಳು, ತೊಡೆಯ ಮೇಲೆ ತನ್ನದೊಂದು ಕೂಸು.

“ನನ್ನ ಹತ್ರಾನೇ ಕುಡೀತದೆ ತಲ್ಲೀ. ಆ ಕಡೆ ಇದು, ಈ ಕಡೆ ಅದು. ದಾರೀಲೂ ಅಷ್ಟೇ. ಮೇಷ್ಟ್ರು ಕೇಳಲಿಲ್ಲ, ನಾನು ಹೇಳಲಿಲ್ಲ.”

ಮಗುವಿನ ತೊಡೆಗೆ ಸಲೈನ್ ಚುಚ್ಚಿದರು. ಚುಚ್ಚಿದ ಜಾಗ ನಿಂಬೆಹಣ್ಣಿನಷ್ಟು ಊದಿ ನಿಧಾನವಾಗಿ ಇಳಿಯಿತು. ಕಾಯಿಸಿ ಆರಿಸಿದ ನೀರಿಗೆ ಚೂರು ಉಪ್ಪು, ಚೂರು ಸಕ್ಕರೆ. ಅದನ್ನು ಕುಡಿಸಲು ರತ್ನಮ್ಮ ಮನೆಯಿಂದ ಬೆಳ್ಳಿ ಒಳಲೆ ತಂದಳು. ಬಾಟಲಿ ಬಂದ ದಿನ ಹಳೆ ಕಾಲದ್ದು ಎಂದು ನಾನೇ ಅಟ್ಟಕ್ಕೆ ಎಸೆದದ್ದು. ಅದರ ಮೂತಿಯಿಂದ ಹನಿಹನಿಯಾಗಿ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮಗು ಒಂದು ಸಲ ಉಚ್ಚೆ ಹೊಯ್ದಿತು. ಡಾಕ್ಟರು ನಕ್ಕದ್ದನ್ನು ಆಗಲೇ ನಾನು ನೋಡಿದ್ದು.

“ಎದೆಹಾಲು ಮತ್ತೆ ಶುರುಮಾಡಬೇಕು,” ಎಂದರು.

ಸರೋಜ ಅತ್ತಳು. “ಬತ್ತಿಹೋಗಿದೆ ಅಮ್ಮ.”

“ಅದೇನು ದೇವರಾಯಸಮುದ್ರದ ಕೆರೆಯಾ ಬತ್ತೋಕೆ?” ಎಂದಳು ಯಲ್ಲಮ್ಮ. “ಕೂಸು ಕೇಳ್ತಾ ಇದ್ರೆ ಬರ್ತದೆ. ಕೇಳೋಕೆ ಬಿಡಬೇಕು ಅಷ್ಟೇ. ಮೇಷ್ಟ್ರೇ, ನೀವು ಎದ್ದು ಆ ಕಡೆ ಹೋಗಿ. ನಿಮ್ಮ ವಿದ್ಯೆ ಸಾಕು.”

ಐದು ದಿನ ಯಲ್ಲಮ್ಮ ನಮ್ಮ ಮನೆಗೆ ಬಂದಳು. ಯಾವ ಜನವೋ ಏನೋ ಎಂದು ಮೊದಲ ದಿನ ರತ್ನಮ್ಮ ನಡುಮನೆಯ ಬಾಗಿಲಲ್ಲಿ ಅಡ್ಡ ನಿಂತಳು. “ಒಳಗೆ ಬರಲೋ, ನಿಮ್ಮ ಮೊಮ್ಮಗನನ್ನ ಬೀದಿಗೆ ತರ್ತೀರೋ?” ಎಂದಳಂತೆ ಯಲ್ಲಮ್ಮ. ರತ್ನಮ್ಮ ಸರಿದಳು. ಎರಡು ಗಂಟೆಗೊಮ್ಮೆ ಮಗುವನ್ನು ಸರೋಜಳ ಎದೆಗೆ ಹಾಕುವುದು. ಅವನು ಸಿಟ್ಟು ಮಾಡಿದರೆ ಯಲ್ಲಮ್ಮ ತನ್ನ ಎದೆಗೆ ಹಾಕಿ ಸಮಾಧಾನ ಮಾಡಿ ಮತ್ತೆ ಅಲ್ಲಿಗೆ. ನಾನು ಜಗಲಿಯಲ್ಲಿ ಕೂತು ಅಳುವಿನ ದನಿ ಆಲಿಸುತ್ತಿದ್ದೆ. ದನಿ ದಿನದಿನಕ್ಕೆ ದಪ್ಪವಾಯಿತು. ಐದನೆಯ ದಿನ ಅಳು ಥಟ್ಟನೆ ನಿಂತಿತು. ಎದ್ದು ನಿಂತೆ. ರತ್ನಮ್ಮ ಹೊರಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಗುಟುಕು ಗುಟುಕು ಅಂತ ಕುಡೀತಾವ್ನೆ,” ಎಂದಳು.

ಆ ಸಂಜೆ ಸರೋಜಳ ಬಳಿ ಹೋಗಿ ತಪ್ಪಾಯಿತಮ್ಮ ಎಂದೆ. ಮಗುವಿನ ಬೆನ್ನು ತಟ್ಟುತ್ತಲೇ ಅವಳು, “ನೀವೇ ಹೇಳ್ತೀರ ಅಂತ ಕಾಯ್ತಿದ್ದೆ ಮಾವ. ಇನ್ನೊಂದು ನಿಮಿಷ ತಡವಾಗಿದ್ರೆ ನಾನೇ ಹೇಳಿಬಿಡ್ತಿದ್ದೆ,” ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು. ಇರಲಿ. ಮಗುವಿನ ಪರವಾಗಿ ಒಬ್ಬರಿಗಾದರೂ ಸಿಟ್ಟಿರಬೇಕು.

ಡಾಕ್ಟರು ಬೀಗದ ಕೈ ವಾಪಸು ತೆಗೆದುಕೊಂಡರು. ನಾನು ಬರೆದ ಫಾರಂಗಳನ್ನೆಲ್ಲ ಹೊಸದಾಗಿ ಕೇಳಿ ಬರೆದರು. ಕೇಳುವ ಕೆಲಸ ಮತ್ತೆ ನನಗೆ ಕೊಡಲಿಲ್ಲ. ತಕ್ಕಡಿ ಹಿಡಿಯುವ ಕೆಲಸ ಕೊಟ್ಟಿದ್ದಾರೆ. ಮುಳ್ಳು ನಿಂತ ಮೇಲೆ ಅವರೇ ಬಗ್ಗಿ ಓದುತ್ತಾರೆ. ಅದು ನ್ಯಾಯ.

ಯಲ್ಲಮ್ಮನಿಗೆ ಏನು ಕೊಡಲಿ ಎಂದು ಕೇಳಿದೆ. ಸೀರೆ ಕೇಳಬಹುದು ಅಂದುಕೊಂಡಿದ್ದೆ.

“ಎರಡು ಕೂಸಿಗೆ ಹಾಲಾಗಬೇಕಾದ್ರೆ ನನಗೆ ಎಷ್ಟು ಹಸಿವು ಗೊತ್ತಾ? ನಿಮ್ಮ ಕಾಗದದಲ್ಲಿ ಕೂಸಿನ ಹೊಟ್ಟೆ ಬರ್ಕೊಂಡ್ರಿ, ನನ್ನ ಹೊಟ್ಟೆ ಬಿಟ್ಟುಬಿಟ್ರಿ. ದಿನಾ ಎರಡು ಮುದ್ದೆ ತರ್ರಿ. ಸಾರು ಗಟ್ಟಿ ಇರಲಿ.”

ತಾಯಿ ಏನು ತಿನ್ನುತ್ತಾಳೆ ಎಂಬ ಸಾಲು ಫಾರಂನಲ್ಲಿ ಇತ್ತು. ಅಲ್ಲಿ ನಾನು ಎಲ್ಲರಿಗೂ “ಸಾಮಾನ್ಯ” ಎಂದು ಬರೆದು ಮುಂದೆ ಹೋಗಿದ್ದೆ.

ಈಗ ಮೊಮ್ಮಗ ಕವುಚಿಕೊಳ್ಳುತ್ತಾನೆ. ಇನ್ನೂ ಬಡಕಲು. ಬೇಸಿಗೆ ದಾಟಲಿ, ಆಮೇಲೆ ನಿಶ್ಚಿಂತೆಯಿಂದಿರಿ ಎಂದಿದ್ದಾರೆ ಡಾಕ್ಟರು. ದಿನವೂ ಬಿಸಿಲೇರುವ ಮೊದಲು ರತ್ನಮ್ಮ ಮುದ್ದೆ ಕಟ್ಟುತ್ತಾಳೆ, ನಾನು ತಟ್ಟೆ ಮುಚ್ಚಿಕೊಂಡು ಬಜಾರಿನ ನಡುವೆ ಛತ್ರಕ್ಕೆ ನಡೆಯುತ್ತೇನೆ. “ಏನ್ ಮೇಷ್ಟ್ರೇ, ಬುತ್ತಿ ಯಾರಿಗೆ?” ಎಂದು ಕೇಳಿದವರಿಗೆಲ್ಲ ನಿಂತು ಪೂರ್ತಿ ಹೇಳುತ್ತೇನೆ. ಯಲ್ಲಮ್ಮ ಉಣ್ಣುವಷ್ಟು ಹೊತ್ತು ಎರಡು ಕೂಸುಗಳನ್ನೂ ನಾನೇ ಎತ್ತಿಕೊಂಡಿರುತ್ತೇನೆ. ಒಂದು ನನ್ನ ಮೀಸೆ ಎಳೆಯುತ್ತದೆ, ಇನ್ನೊಂದು ಅಂಗಿ ಒದ್ದೆ ಮಾಡುತ್ತದೆ.

ಇವತ್ತು ಸೊಪ್ಪಿನ ಸಾರಿಗೆ ಉಪ್ಪು ಸಾಲದು ಎಂದು ಬೈದಳು. ರತ್ನಮ್ಮನಿಗೆ ಹೇಳಬೇಕು.